ಮುಂದಿನ ಸಾಲಿನ ಭುಜಗಳು

ಕೆಡ್ರನ್, ಅಯೋವಾ
ಸೋಮವಾರ, 19 ಜುಲೈ 1937

ನನ್ನ ರಾಜಕುಮಾರಿ, ನನ್ನ ಹಟಮಾರಿ ಕತ್ತೆಮರಿ, ನನ್ನ ನೆಲ್ಡಾಳಿಗೆ,

ನಿನ್ನ ಕಾಗದ ಹೋದ ವಾರದ ಊರಿಗೆ ಹೋಗಿ, ನಾವು ಅಲ್ಲಿಂದ ಗಂಟುಮೂಟೆ ಕಟ್ಟಿದ್ದು ಗೊತ್ತಾಗಿ, ನಮ್ಮ ಲಾರಿಗಳ ಹಿಂದೆಯೇ ಓಡಿಬಂದು ಈ ಬೆಳಿಗ್ಗೆ ಕೈಸೇರಿತು. ಡೇರೆ ಇನ್ನೂ ಅರ್ಧ ಎದ್ದಿದೆ, ಅರ್ಧ ಮಲಗಿದೆ. ಗೂಟ ಹೊಡೆಯುವವರ ಸುತ್ತಿಗೆ ಸದ್ದಿನ ನಡುವೆ, ವೇಷದ ಪೆಟ್ಟಿಗೆಯ ಮೇಲೆ ಕುಳಿತು ಓದಿದೆ. ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ಗಟ್ಟಿಯಾಗಿ. ಗಟ್ಟಿಯಾಗಿ ಓದದ ಯಾವುದೂ ನಿನ್ನಮ್ಮನ ತಲೆಗೆ ಇಳಿಯುವುದಿಲ್ಲವೆಂದು ನಿನಗೆ ಗೊತ್ತಲ್ಲ.

ಎಂಥ ಸುದ್ದಿ ಕಣೇ! ಚಿಕಾಗೋ ನಗರದಲ್ಲಿ ನೀನು ಕೆಲಸ ಮಾಡುವ ರಂಗಮಂದಿರದ ಒಡೆಯರು, ಸ್ಟ್ರೌಡ್ ಎಂಬ ಆ ಮಹಾಶಯರು, ಹೋದ ವರ್ಷ ಹೆಸರು ಹೇಳದೆ ಟಿಕೆಟ್ ಕೊಂಡು ನಮ್ಮ ‘ಹಿಂಬಾಗಿಲ ಮದುಮಗ’ ನಾಟಕ ನೋಡಿಕೊಂಡು ಹೋಗಿದ್ದರಂತೆ. ಈ ಶನಿವಾರ ನಿನ್ನನ್ನು ಜೊತೆಗೆ ಕರೆದುಕೊಂಡು ಮತ್ತೆ ನೋಡಲು ಬರುತ್ತಾರಂತೆ. ಒಪ್ಪಿಗೆಯಾದರೆ ಚಳಿಗಾಲದಲ್ಲಿ ನಾಟಕ ನಗರಕ್ಕೆ! ಇಟ್ಟಿಗೆಯ ಗೋಡೆ, ಕೆಂಪು ಮಖಮಲ್ಲಿನ ಕುರ್ಚಿ, ನೆತ್ತಿಯ ಮೇಲೆ ಗಾಜಿನ ದೀಪದ ಗೊಂಚಲು! ಆದರೆ ಕೆಂಗೂದಲ ರೂಫಸ್‌ನ ಪಾತ್ರವನ್ನು ಬರೆದವನೇ ಮಾಡಬೇಕು, ಬೇರೆ ಯಾರೂ ಕೂಡದು ಎಂದು ಷರತ್ತು. ನಿನ್ನಪ್ಪ ಆರ್ಲೋ ಕಿಂಬ್ರೆಲ್ ಮೂವತ್ತು ವರ್ಷದಿಂದ ಕಾಯುತ್ತಿದ್ದ ಗಳಿಗೆ ಬಾಗಿಲು ತಟ್ಟುತ್ತಿದೆ.

ಅದರ ಕೆಳಗೆ ನೀನು ಇನ್ನೂ ಒಂದು ಮಾತು ಬರೆದಿದ್ದೀ. ‘ನಾನು ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ, ಆಟ ಮುಗಿದ ಕೂಡಲೇ ಹೊರಟುಬಿಡುತ್ತೇನೆ, ಅಪ್ಪನಿಗೆ ನನ್ನ ಮುಖ ಬೇಡವಾಗಿದೆ’ ಎಂದು. ಯಾಕೆ ಬೇಡವಾಗಿದೆ ಎನ್ನುವುದನ್ನೂ ಈ ಮೂರು ವರ್ಷದಲ್ಲಿ ಮೊದಲ ಬಾರಿಗೆ ಬರೆದಿದ್ದೀ. ಅಪ್ಪನ ಜೊತೆ ಜಗಳವಾದ ಮರುದಿನ ನೀನು ಬಟ್ಟೆ ಮಡಚಿಡುತ್ತಿದ್ದೆಯಂತೆ. ಅಪ್ಪ ಬಾಗಿಲಿಗೆ ಬಂದು ನಿಂತನಂತೆ. ಅತ್ತು ಮುಖವೆಲ್ಲ ಒದ್ದೆಯಾಗಿದ್ದರಿಂದ ನೀನು ತಿರುಗದೆಯೇ, ‘ಅಪ್ಪಾ, ನಾನು ಹೋಗಲೋ, ಇರಲೋ, ಒಂದು ಮಾತು ಹೇಳು’ ಎಂದೆಯಂತೆ. ಅವನು ಸ್ವಲ್ಪ ಹೊತ್ತು ನಿಂತಿದ್ದು, ಉತ್ತರ ಕೊಡದೆ ಹೊರಟುಹೋದನಂತೆ.

ಅಯ್ಯೋ ಮಗಳೇ! ಅಯ್ಯೋ ನನ್ನ ದೇವರೇ!

ನೆಲ್ಡಾ, ಕುಳಿತುಕೋ. ಕುಳಿತಿದ್ದರೆ ಎದ್ದು ನಿಂತುಕೋ. ನಿನ್ನಪ್ಪನಿಗೆ ಕಿವಿ ಕೇಳುವುದಿಲ್ಲ.

ಮಂದವಲ್ಲ. ವಯಸ್ಸಾದವರಿಗೆ ಆಗುವಂಥದ್ದಲ್ಲ. ಕಿವಿಯ ಪಕ್ಕ ಫಿರಂಗಿ ಹಾರಿಸಿದರೆ ಹೊಗೆ ನೋಡಿ ತಿರುಗುತ್ತಾನೆ. ನೀನು ಬೆನ್ನು ತಿರುಗಿಸಿ ಕೇಳಿದ್ದೀ. ಅವನು ನಿನ್ನ ಬೆನ್ನನ್ನು ನೋಡಿದ, ಮಗಳಿಗೆ ತನ್ನ ಜೊತೆ ಮಾತು ಬೇಡ ಅಂದುಕೊಂಡ, ಹೊರಟುಹೋದ. ಅಷ್ಟೇ ನಡೆದದ್ದು. ನಾಟಕದಲ್ಲಿ ಯಾರಾದರೂ ಹೀಗೆ ಬರೆದಿದ್ದರೆ, ಹೀಗೂ ಉಂಟೇ ಎಂದು ನಾನೇ ಹರಿದುಹಾಕುತ್ತಿದ್ದೆ.

ಅವನ ಕಿವಿಯಿಂದ ಮೊದಲು ಹೋದದ್ದು ಜೀರುಂಡೆ. ಒಂದು ಸಂಜೆ ನಾವಿಬ್ಬರೂ ಡೇರೆಯ ಹೊರಗೆ ಕುಳಿತಿದ್ದೆವು. ಸುತ್ತಲ ಜೋಳದ ಹೊಲದಲ್ಲಿ ಜೀರುಂಡೆಗಳು ಕಿವಿ ಹರಿಯುವಂತೆ ಕೂಗುತ್ತಿದ್ದವು. ನಿನ್ನಪ್ಪ ನೆಮ್ಮದಿಯಾಗಿ, ‘ಯೂಲಾ, ಈ ವರ್ಷ ಜೀರುಂಡೆ ಕಡಿಮೆ ಅಲ್ವೇನೇ’ ಎಂದ. ನಾನು ‘ಹೂಂ, ಕಡಿಮೆ’ ಎಂದೆ. ಮರುವರ್ಷ ನಾಯಕಿ ಪಾತ್ರದ ಹೆಟ್ಟಿಯ ದನಿ ಹೋಯಿತು. ಅವಳು ಗುಸುಗುಸು ಮಾಡುತ್ತಾಳೆಂದು ಬೈದ. ಅದಾದಮೇಲೆ ನಮ್ಮ ಖಳನಾಯಕ ಡೆಲ್ಬರ್ಟನದು. ಗೂಳಿಯ ಗಂಟಲು ಕಣೇ ಅವನದು, ಪಕ್ಕದ ಊರಿನ ಹಸುಗಳು ತಿರುಗಿ ನೋಡುತ್ತವೆ! ಅದೂ ಹೋಯಿತು. ನೀನು ಮನೆ ಬಿಡುವ ಹೊತ್ತಿಗೆ ಅವನ ಲೋಕದಲ್ಲಿ ಉಳಿದಿದ್ದದ್ದು ತುಟಿಗಳು ಮಾತ್ರ. ‘ಅಪ್ಪನಿಗೆ ಈಚೆಗೆ ಗರ್ವ ಬಂದಿದೆ, ಕರೆದರೆ ತಿರುಗುವುದಿಲ್ಲ’ ಎಂದು ನೀನೇ ಅನ್ನುತ್ತಿದ್ದೆ, ನೆನಪಿದೆಯೇ?

ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ಅವನು ಎಂಥ ಮನುಷ್ಯ ಎಂದು ನೋಡು. ಮಿಸೌರಿಯಲ್ಲಿ ಕುದುರೆ ಜೀನು ಹೊಲಿಯುವವನ ಮಗ. ಹದಿನೇಳಕ್ಕೆ ಓಡಿಬಂದು ಒಂದು ಅಲೆಮಾರಿ ಮಂಡಳಿ ಸೇರಿದ. ಮೊದಲ ವರ್ಷ ಸತ್ತ ಸೈನಿಕ, ಎರಡನೇ ವರ್ಷ ಸಾಯುವ ಸೈನಿಕ. ಮೂರನೇ ವರ್ಷ ಐದಂಕದ ದುರಂತ ನಾಟಕವೊಂದನ್ನು ಪದ್ಯದಲ್ಲೇ ಬರೆದು, ಅದರಲ್ಲಿ ರಾಜನಾಗಿ ತಾನೇ ನಿಂತು, ವಿಷ ಕುಡಿದು ಬಿದ್ದ. ಜನ ಬಿದ್ದೂ ಬಿದ್ದೂ ನಕ್ಕರು! ನಾನು ಆಗ ಅವನ ರಾಣಿ. ಹೆಣದ ಪಕ್ಕ ಮಂಡಿಯೂರಿದ್ದವಳು ಕೆಳಗೆ ನೋಡಿದರೆ ಹೆಣ ಕಣ್ಣು ಬಿಟ್ಟು ಜನರನ್ನು ನೋಡುತ್ತಿದೆ. ‘ಯೂಲಾ, ಚೆನ್ನಾಗಿ ನಗ್ತಾರೆ ಕಣೇ ಇವರು’ ಎಂದಿತು ಹೆಣ. ಆ ವಾರವೇ ಕಿರೀಟ ಬಿಸಾಡಿ ಕೆಂಪು ಕೂದಲಿನ ಟೋಪನ್ನು ತಲೆಗೆ ಏರಿಸಿದ, ಮೂಗಿನ ಮೇಲೆ ಚುಕ್ಕೆ ಇಟ್ಟುಕೊಂಡ, ರೂಫಸ್ ಆದ. ನಾನು ಆ ವಾರವೇ ಅವನನ್ನು ಮದುವೆಯಾದೆ.

ಅಂದಿನಿಂದ ಇಂದಿನವರೆಗೆ ನಿನ್ನಪ್ಪ ನಾಟಕ ಬರೆದದ್ದು ಲಾರಿಯ ಮಡ್ಗಾರ್ಡಿನ ಮೇಲೆ, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು. ಕಂಪನಿಯಲ್ಲಿ ಕುಂಟನಿದ್ದರೆ ಕುಂಟನ ಪಾತ್ರ, ಬಸುರಿ ಇದ್ದರೆ ಬಸುರಿಯ ಪಾತ್ರ. ನಗರದ ಪತ್ರಿಕೆಗಳು ಅವನ ಹೆಸರೆತ್ತಲಿಲ್ಲ. ಆದರೆ ಅಯೋವಾದಲ್ಲಿ ಮಕ್ಕಳು ರೂಫಸ್ ನಡೆದಂತೆ ನಡೆಯುತ್ತವೆ. ಅಂಥವನು ಎದ್ದು ನಿಂತು, ‘ಅಯ್ಯಾ, ನೀವು ನಗುವುದು ನನಗೆ ಕೇಳುವುದಿಲ್ಲ’ ಎನ್ನಬೇಕೇ? ಅನ್ನಲಿಲ್ಲ.

ಅವನು ಮಾಡಿದ್ದೇನು ಗೊತ್ತೇ? ತನ್ನ ನಾಟಕಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಮತ್ತೆ ಹೊಲಿದ. ರೂಫಸ್ ಬಾಯಿ ತೆರೆಯುವ ಪ್ರತಿ ಕಡೆಯಲ್ಲೂ, ಅದಕ್ಕೆ ಮೊದಲು ಎದುರಿನ ಪಾತ್ರ ಏನಾದರೂ ಮಾಡಬೇಕು. ಹೆಟ್ಟಿ ಲೋಟ ಕೆಳಗಿಡಬೇಕು. ಡೆಲ್ಬರ್ಟ್ ಹ್ಯಾಟು ಹಾಕಿಕೊಳ್ಳಬೇಕು. ನಾನು ಅಜ್ಜಿಯ ಪಾತ್ರದಲ್ಲಿ ಹೆಣಿಗೆಯ ಕಡ್ಡಿ ಮಡಿಲಿಗಿಡಬೇಕು. ಕಿವಿಗೆ ಸಿಗದ ಸೂಚನೆ ಕಣ್ಣಿಗೆ ಸಿಗಬೇಕು. ತುಟಿ ಕಂಡರೆ ಓದುತ್ತಾನೆ, ಕಾಣದಿದ್ದರೆ ಲೋಟ ಕಾಣುತ್ತದೆ. ಜನ ನಕ್ಕರೋ ಇಲ್ಲವೋ ಎಂದು ತಿಳಿಯಲು ಮುಂದಿನ ಸಾಲಿನವರ ಭುಜ ನೋಡುತ್ತಾನೆ. ಭುಜ ಕುಣಿದು ನಿಂತ ಮೇಲೆಯೇ ಮುಂದಿನ ಮಾತು.

ಅದೇ ಶೈಲಿಯನ್ನು ಕುರಿತು ನಿಮ್ಮ ಸ್ಟ್ರೌಡ್ ಮಹಾಶಯರು, ‘ಈ ನಾಟಕಕಾರನ ಪಾತ್ರಗಳು ಕಣ್ಣಿನಿಂದ ಕೇಳಿಸಿಕೊಳ್ಳುತ್ತವೆ, ಅಲ್ಲಿ ಒಂದು ಲೋಟ ಕೂಡ ಸುಮ್ಮನೆ ಕೆಳಗಿಳಿಯುವುದಿಲ್ಲ’ ಎಂದು ಹೊಗಳಿದ್ದಾರಲ್ಲ! ಓದಿ ನಕ್ಕೆ ಕಣೇ, ಕಣ್ಣೀರು ಬರುವವರೆಗೆ. ಆಮೇಲೆ ನಗು ನಿಂತಿತು, ಕಣ್ಣೀರು ನಿಲ್ಲಲಿಲ್ಲ.

ಕಂಪನಿಗೆಲ್ಲ ಗೊತ್ತಿತ್ತು. ಯಾರೂ ಯಾರಿಗೂ ಹೇಳಲಿಲ್ಲ. ಡೆಲ್ಬರ್ಟ್ ತನಗೊಬ್ಬನಿಗೇ ಗೊತ್ತು ಅಂದುಕೊಂಡು ಹಲಗೆಯ ಮೇಲೆ ಕಾಲು ಅಪ್ಪಳಿಸಿ ನಡೆಯುತ್ತಿದ್ದ, ಯಜಮಾನರ ಪಾದಕ್ಕೆ ತಿಳಿಯಲಿ ಎಂದು. ಹೆಟ್ಟಿ ತನಗೊಬ್ಬಳಿಗೇ ಗೊತ್ತು ಅಂದುಕೊಂಡು ಜನರಿಗೆ ಬೆನ್ನಾದರೂ ಪರವಾಗಿಲ್ಲ ಎಂದು ಅವನ ಕಡೆಗೇ ತಿರುಗಿ ಮಾತಾಡುತ್ತಿದ್ದಳು. ಗೊತ್ತಿಲ್ಲದಿದ್ದವಳು ನೀನೊಬ್ಬಳೇ, ಅವನ ಸ್ವಂತ ಮಗಳು. ಮಗಳಿಗೆ ಮಾತ್ರ ತಿಳಿಯಬಾರದು ಎಂದು ಅವನು ನಿನ್ನೆದುರಿಗೆ ಆಡಿದಷ್ಟು ಚೆನ್ನಾಗಿ ಯಾವ ಜನರೆದುರಿಗೂ ಆಡಿಲ್ಲ.

ಆ ಜಗಳದ ರಾತ್ರಿ, ಆಟದ ನಡುವೆ, ನಾಟಕದಲ್ಲಿ ಇಲ್ಲದ ಮಾತೊಂದನ್ನು ನೀನು ಸೇರಿಸಿದೆ. ನಾನು ಪರದೆಯ ಹಿಂದೆ ಅವಸರದಲ್ಲಿ ವೇಷ ಬದಲಿಸುತ್ತಿದ್ದೆ, ಮಾತು ಕೇಳಲಿಲ್ಲ, ನಗು ಕೇಳಿಸಿತು. ಡೇರೆಯ ಕಂಬ ನಡುಗಿತು! ಅವನಿಗೆ ಕಂಡದ್ದು ಏನು? ನಿನ್ನ ತುಟಿ ಗೊತ್ತಿಲ್ಲದ ದಾರಿಯಲ್ಲಿ ಓಡಿತು. ಲೋಟ ಕೆಳಗಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಭುಜಗಳು ಸಮುದ್ರವಾದವು. ತಾನು ಯಾವ ಮಾತಿನಲ್ಲಿದ್ದೇನೆ, ಜನ ಯಾಕೆ ನಗುತ್ತಿದ್ದಾರೆ, ತನ್ನನ್ನು ನೋಡಿಯೋ ಏನೋ, ಒಂದೂ ತಿಳಿಯದೆ ನಿಂತುಬಿಟ್ಟ. ಅದಕ್ಕೇ ಒಳಗೆ ಬಂದು ಕೂಗಾಡಿದ್ದು, ‘ಕಾಗದದಲ್ಲಿ ಇಲ್ಲದ್ದು ನಾಲಿಗೆ ಮೇಲೆ ಬರಬಾರದು’ ಎಂದು. ಅದು ಹೊಟ್ಟೆಕಿಚ್ಚಲ್ಲ, ನೆಲ್ಡಾ. ಹೆದರಿಕೆ.

ಇಲ್ಲಿಗೆ ಬರೆದು ಮುಗಿಸಬಹುದಿತ್ತು. ಆದರೆ ಮೊನ್ನೆ ಶನಿವಾರ ಒಂದು ಪ್ರಸಂಗ ನಡೆದುಹೋಯಿತು. ಅದಕ್ಕಾಗಿಯೇ ಈ ಕಾಗದ.

ಹೆಂಗಸರು ಮಕ್ಕಳಿಗೆಂದು ಮಧ್ಯಾಹ್ನದ ಆಟ. ಎರಡನೆಯ ಅಂಕದ ನಡುವೆ ಮಳೆ ಹೊಡೆಯಿತು. ಡೇರೆಯ ಬಟ್ಟೆಯ ಮೇಲೆ ಮಳೆ ಬಿದ್ದರೆ ಏನಾಗುತ್ತದೆ, ಸಾವಿರ ಡೋಲು ನೆತ್ತಿಯ ಮೇಲೆ! ನಮ್ಮ ಕಸುಬಿನವರು ಏನು ಮಾಡುತ್ತಾರೆ, ಕೂಸಿಗೂ ಗೊತ್ತು. ಇದ್ದಲ್ಲೇ ನಿಲ್ಲುತ್ತಾರೆ, ಜನರಿಗೆ ಕೈ ಮಾಡಿ ನಗುತ್ತಾರೆ, ಮಳೆ ಇಳಿಯುವವರೆಗೆ ಕಾಯುತ್ತಾರೆ. ಹೆಟ್ಟಿ ನಿಂತಳು. ಡೆಲ್ಬರ್ಟ್ ನಿಂತ. ನಾನು ನಿಂತೆ.

ನಿನ್ನಪ್ಪ ನಿಲ್ಲಲಿಲ್ಲ.

ಮಳೆ ಬಂದದ್ದು ಅವನಿಗೆ ಗೊತ್ತಿತ್ತು, ಗಾಳಿಗೆ ಬಟ್ಟೆ ಉಬ್ಬುವುದು ಕಾಣುತ್ತಿತ್ತು. ಮಳೆಗೆ ಸದ್ದಿದೆ ಎನ್ನುವುದನ್ನು ಮರೆತುಬಿಟ್ಟಿದ್ದ. ಈ ಒಣ ವರ್ಷಗಳಲ್ಲಿ ಆಟದ ಹೊತ್ತಿಗೆ ಮಳೆ ಬಂದದ್ದಾದರೂ ಯಾವಾಗ? ಅವನು ಆಡಿದ. ನಾವು ಹೆದರಿ ಲೋಟ ಇಟ್ಟೆವು, ಹ್ಯಾಟು ಹಾಕಿದೆವು, ಕಡ್ಡಿ ಇಳಿಸಿದೆವು. ಒಂದೇ ಒಂದು ಮಾತೂ ಯಾರಿಗೂ ಕೇಳದ ಆ ಡೇರೆಯಲ್ಲಿ ಜನ ನಗಬೇಕಾದಲ್ಲಿ ನಕ್ಕರು ಕಣೇ! ಮದುಮಗ ಹಿಂಬಾಗಿಲಿನಿಂದ ಬಂದಾಗ ಮೂರನೇ ಬೆಂಚಿನ ಅಜ್ಜಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ನನ್ನ ಜನ್ಮದಲ್ಲಿ ಅಂಥ ಆಟ ಆಡಿಲ್ಲ.

ಪರದೆ ಬಿತ್ತು, ಮಳೆಯೂ ನಿಂತಿತು. ಡೆಲ್ಬರ್ಟ್ ಆನಂದದಲ್ಲಿ ಮೈಮರೆತು ಓಡಿಬಂದು ಅವನ ಎರಡೂ ಭುಜ ಹಿಡಿದ. ‘ಯಜಮಾನ್ರೇ, ಏನು ಗುಂಡಿಗೆ ನಿಮ್ದು! ಅಷ್ಟು ಸದ್ದಿನಲ್ಲಿ ಹೆಂಗೆ ಆಡಿದ್ರಿ?’ ಎಂದ.

ನಿನ್ನಪ್ಪ ಅವನ ತುಟಿ ನೋಡಿ, ನಗುತ್ತಲೇ, ‘ಯಾವ ಸದ್ದು?’ ಎಂದ.

ಡೆಲ್ಬರ್ಟ್ ಅವನ ಭುಜ ಬಿಟ್ಟು ಹಿಂದೆ ಸರಿದ. ತಪ್ಪಿದ್ದು ಅವನಿಗೆ ತಿಳಿಯಿತು. ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಹೋದ. ಬೆರಗನ್ನು ಹುಡುಕುತ್ತಿದ್ದ ಅಂತ ಕಾಣುತ್ತದೆ. ಯಾವ ಮುಖದಲ್ಲೂ ಬೆರಗಿರಲಿಲ್ಲ. ‘ಓಹೋ’ ಎಂದ. ‘ಹಾಗಾದರೆ ಇಷ್ಟು ದಿನ ನಾಟಕ ಆಡಿದ್ದು ನೀವು. ನೋಡಿದವನು ನಾನು.’ ಕೆಂಪು ಟೋಪು ತೆಗೆದು ಹೆಟ್ಟಿಯ ಕೈಗಿಟ್ಟು ಹೊರಗೆ ಹೋದ. ಸಂಜೆಯ ಆಟ ರದ್ದು ಮಾಡಿದೆವು. ನಿನ್ನೆ ದಾರಿಯುದ್ದಕ್ಕೂ ಲಾರಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದ. ಕಣ್ಣು ಮುಚ್ಚಿದ ಕಿವುಡನ ಜೊತೆ ಜಗಳವನ್ನಾದರೂ ಹೇಗೆ ಆಡುವುದು, ನೀನೇ ಹೇಳು.

ಇಂದು ನಿನ್ನ ಕಾಗದದ ಮೊದಲ ಪುಟವನ್ನು ಅವನಿಗೆ ತೋರಿಸಿದೆ. ಓದಿ ವಾಪಸ್ಸು ಕೊಟ್ಟ. ‘ರೂಫಸ್ ಸತ್ತ ಅಂತ ಬರೆದುಬಿಡು. ಡೆಲ್ಬರ್ಟ್ ಮಾಡ್ತಾನೆ. ಅವನಿಗೆ ಕಿವಿ ಇದೆ’ ಎಂದ.

ಡೇರೆಯ ಹಗ್ಗ ಬಿಗಿಯಲು ಕೂಗುತ್ತಿದ್ದಾರೆ. ಉಳಿದದ್ದು ನಾಳೆ.

ಮಂಗಳವಾರ, ಬೆಳಿಗ್ಗೆ

ನಿನ್ನೆ ಸಂಜೆ ಡೆಲ್ಬರ್ಟನ ತಲೆಯ ಮೇಲೆ ಕೆಂಪು ಟೋಪು ಕೂತಿತು. ಪಾಪ, ಮಾತು ಒಂದೂ ತಪ್ಪಲಿಲ್ಲ. ಜನ ಸುಮ್ಮನೆ ಕುಳಿತಿದ್ದರು, ಚರ್ಚಿನಲ್ಲಿ ಕುಳಿತಂತೆ. ಒಬ್ಬ ರೈತ ಎದ್ದು, ‘ರೂಫಸ್‌ಗೆ ಹುಷಾರಿಲ್ವೇನಪ್ಪಾ?’ ಎಂದು ಕೇಳಿಯೇಬಿಟ್ಟ.

ಮೊದಲ ಅಂಕದ ನಡುವೆ ಡೇರೆಯ ಬಟ್ಟೆಯ ಸಂದಿಯಲ್ಲಿ ಒಂದು ಮೂಗು ಕಂಡಿತು. ನಿನ್ನಪ್ಪನದೇ. ಅವನು ರಂಗ ನೋಡುತ್ತಿರಲಿಲ್ಲ. ಮುಂದಿನ ಸಾಲಿನ ಭುಜ ನೋಡುತ್ತಿದ್ದ. ಭುಜಗಳು ಕಲ್ಲಿನಂತೆ ಕುಳಿತಿದ್ದವು. ಆಮೇಲೆ ರಂಗದ ಕಡೆ ತಿರುಗಿದ. ನೋಡನೋಡುತ್ತ ಅವನ ಮುಖ ಕೆಂಪಾಗುತ್ತ ಹೋಯಿತು.

ಆಟ ಮುಗಿದದ್ದೇ ತಡ, ಒಳಗೆ ನುಗ್ಗಿದ. ಎರಡು ದಿನದ ಮೌನವೆಲ್ಲ ಒಡೆದು ಹೋಯಿತು. ‘ಲೋಟ ಕೆಳಗಿಳಿಯೋಕೆ ಮುಂಚೆ ಯಾಕೋ ಬಾಯಿ ತೆಗೀತೀಯಾ, ಮೂರ್ಖ!’

ಡೆಲ್ಬರ್ಟ್, ‘ಅವಳ ಮಾತು ಮುಗೀತಲ್ಲ ಯಜಮಾನ್ರೇ, ಕೇಳಿಸ್ತು’ ಎಂದ.

‘ಕೇಳಿಸಿದ್ರೆ ಆಯ್ತೇನೋ? ಮಾತು ಮುಗಿದ ಮೇಲೆ ಅವಳು ಲೋಟ ಇಡೋವರೆಗೂ ಇಡೀ ಊರು ಆ ಲೋಟಾನೇ ನೋಡ್ತಿರುತ್ತೆ. ಕುಡೀತಾಳೋ, ಮುಖಕ್ಕೆ ಎರಚ್ತಾಳೋ ಅಂತ. ಅಲ್ಲೇ ಇರೋದು ಕಣೋ ನಗು! ನೀನು ಅದರ ಕುತ್ತಿಗೆ ಹಿಚುಕಿಬಿಟ್ಟೆ.’

‘ಅದು ನಿಮ್ಮ ಕಿವಿಗೋಸ್ಕರ ಇಟ್ಟಿದ್ದಲ್ವಾ?’ ಎಂದುಬಿಟ್ಟಳು ಹೆಟ್ಟಿ. ಅಂದವಳೇ ಬಾಯಿ ಮುಚ್ಚಿಕೊಂಡಳು.

ಅವನು ಅವಳ ಕೈ ಸರಿಸಿ, ಏನಂದೆ ಎಂದು ಕಣ್ಣಲ್ಲೇ ಕೇಳಿದ. ಅವಳು ಮತ್ತೆ ಹೇಳಿದಳು, ನಿಧಾನವಾಗಿ. ನಿನ್ನಪ್ಪ ಬಹಳ ಹೊತ್ತು ಅವಳ ತುಟಿಯನ್ನೇ ನೋಡುತ್ತಿದ್ದ. ‘ನಾನೂ ಹಾಗೇ ಅಂದುಕೊಂಡಿದ್ದೆ’ ಎಂದ. ಮೆಲ್ಲಗೆ ಎಂದ. ಎಷ್ಟು ಮೆಲ್ಲಗೆ ಎಂದು ಅವನಿಗೆ ಗೊತ್ತಿರಲಿಕ್ಕಿಲ್ಲ.

ಈಗ ಬೆಳಿಗ್ಗೆಯಿಂದ ಡೆಲ್ಬರ್ಟನನ್ನು ರಂಗದ ಮೇಲೆ ನಿಲ್ಲಿಸಿಕೊಂಡು ಲೋಟಕ್ಕೆ ಕಾಯುವುದನ್ನು ಕಲಿಸುತ್ತಿದ್ದಾನೆ. ಡೆಲ್ಬರ್ಟ್ ಕಲಿಯುತ್ತಿಲ್ಲ. ನನಗೆ ಅವನನ್ನು ಅಪ್ಪಿಕೊಳ್ಳಬೇಕು ಅನಿಸುತ್ತಿದೆ. ಬೇಕೆಂದೇ ಕಲಿಯುತ್ತಿಲ್ಲವೇನೋ ಆ ಹಳೆಯ ಕಳ್ಳ.

ಶನಿವಾರ ರೂಫಸ್ ಬರುತ್ತಾನೋ ಇಲ್ಲವೋ ನನಗೆ ತಿಳಿಯದು. ಬಾ ಎಂದು ನಾನು ನಿನ್ನನ್ನು ಕರೆಯುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಸ್ಟ್ರೌಡ್ ಮಹಾಶಯರಿಗೆ ಸತ್ಯ ಹೇಳುವುದು ನಿನಗೆ ಬಿಟ್ಟದ್ದು. ಆದರೆ ಬಂದರೆ ಕೊನೆಯ ಬೆಂಚಿನಲ್ಲಿ ಕೂರಬೇಡ. ಅಷ್ಟು ದೂರದ ಭುಜ ಅವನಿಗೆ ಕಾಣುವುದಿಲ್ಲ.

ಕಾಫಿ ಉಕ್ಕುತ್ತಿದೆ. ಈ ಕಾಗದವನ್ನು ವೇಷದ ಪೆಟ್ಟಿಗೆಯ ಮೇಲೆ ಬಿಡಿಸಿಟ್ಟು, ಹಾರದಂತೆ ಕೆಂಪು ಟೋಪನ್ನು ಹೇರಿ ಹೋಗುತ್ತಿದ್ದೇನೆ. ಶಾಯಿ ಒಣಗಲಿ ಎಂದು. ಬೇರೇನೂ ಅಲ್ಲ.

ಪರದೆ ಏರಿದಾಗಲೂ ಇಳಿದಾಗಲೂ ನಿನ್ನವಳೇ ಆದ,
ಅಮ್ಮ
ಯೂಲಾ ಕಿಂಬ್ರೆಲ್

ಮ.ಮ.: ನೆಲ್ಡಾ, ಈ ಅಕ್ಷರ ನನ್ನದು. ನಿನ್ನಮ್ಮ ಮೂವತ್ತು ವರ್ಷ ರಂಗದ ಮೇಲಿದ್ದರೂ ಕಾಗದ ಮರೆತು ಹೋಗುವ ನಟನೆ ಅವಳಿಗೆ ಇನ್ನೂ ಬಂದಿಲ್ಲ. ಎಲ್ಲ ಓದಿದೆ. ಅಂದು ನೀನು ಕೇಳಿದ್ದು ಕೇಳಿಸಿದ್ದರೆ ‘ಇರು’ ಎನ್ನುತ್ತಿದ್ದೆ. ಇನ್ನೊಂದು ವಿಷಯ. ಆ ರಾತ್ರಿ ನಿನ್ನ ಮಾತಿಗೆ ಮುಂದಿನ ಸಾಲಿನ ಭುಜಗಳು ಕುಣಿದ ಹಾಗೆ ನಾನು ಬರೆದ ಯಾವ ಮಾತಿಗೂ ಕುಣಿದಿಲ್ಲ. ಏನಂದೆ ನೀನು? ಈ ಮೂರು ವರ್ಷ ಯಾರನ್ನೂ ಕೇಳಲಾಗಲಿಲ್ಲ, ಕೇಳಿದರೆ ಕೇಳಿಸಿರಲಿಲ್ಲ ಎಂದು ಗೊತ್ತಾಗಿಬಿಡುತ್ತಿತ್ತು. ಈಗ ಕೇಳಿದರೆ ಡೆಲ್ಬರ್ಟ್ ಹಂದಿಯ ಬಗ್ಗೆ ಎನ್ನುತ್ತಾನೆ, ಹೆಟ್ಟಿ ಯಾರದೋ ಅತ್ತೆಯ ಬಗ್ಗೆ ಎನ್ನುತ್ತಾಳೆ. ಶುಕ್ರವಾರವೇ ಬಂದುಬಿಡು. ನನ್ನೆದುರಿಗೆ ಕುಳಿತು, ನಿಧಾನವಾಗಿ ಹೇಳು. ರೂಫಸ್ ಅದಕ್ಕೆ ಏನು ಉತ್ತರ ಕೊಡುತ್ತಾನೆ ಎಂದು ಶನಿವಾರದೊಳಗೆ ಬರೆಯಬೇಕು. — ಅಪ್ಪ